ಮಕ್ಕಳ ರಕ್ತಪರೀಕ್ಷೆ: ಅಂಕಿಯನ್ನು ಓದುವ ಮುನ್ನ ಮಗುವನ್ನು ನೋಡೋಣ



ನಾನು ವೈದ್ಯವೃತ್ತಿಯನ್ನು ಆರಂಭಿಸಿದ ದಿನಗಳಲ್ಲಿ ತಾಯಂದಿರು ಮಗುವನ್ನು ಎತ್ತಿಕೊಂಡು ಬಂದು, ಮೈ ಬಿಸಿಯಾಗಿದೆ, ಹಾಲು ಕುಡಿಯುತ್ತಿಲ್ಲ, ರಾತ್ರಿಯೆಲ್ಲ ಅತ್ತಿದೆ ಎಂದು ಹೇಳುತ್ತಿದ್ದರು. ಇಂದು ಎಷ್ಟೋ ಸಲ ಮಗು ಹೊರಗೆ ಅಜ್ಜಿಯ ತೊಡೆಯ ಮೇಲೆಯೇ ಇರುತ್ತದೆ. ತಂದೆ ಒಳಗೆ ಬಂದು ಮೊಬೈಲಿನಲ್ಲಿರುವ ರಕ್ತಪರೀಕ್ಷೆಯ ವರದಿಯನ್ನು ಮುಂದೆ ಹಿಡಿಯುತ್ತಾರೆ. ಯಾವುದೋ ಒಂದು ಅಂಕಿಯ ಪಕ್ಕದಲ್ಲಿ ನಕ್ಷತ್ರದ ಗುರುತಿರುತ್ತದೆ. "ಇದು ಹೆಚ್ಚಾಗಿದೆಯಂತೆ, ಅಪಾಯವೇ?" ಎಂಬುದು ಅವರ ಮೊದಲ ಪ್ರಶ್ನೆ.

ರಕ್ತಪರೀಕ್ಷೆ ಆಧುನಿಕ ವಿಜ್ಞಾನವು ನಮಗೆ ಕೊಟ್ಟ ದೊಡ್ಡ ಉಪಕಾರ. ಆಯುರ್ವೇದ ವೈದ್ಯನಾದ ನಾನೂ ಅದನ್ನು ದಿನನಿತ್ಯ ಬಳಸುತ್ತೇನೆ. ಹಿಮೋಗ್ಲೋಬಿನ್, ಸಕ್ಕರೆ, ಕ್ರಿಯಾಟಿನೈನ್, ಥೈರಾಯ್ಡ್ ಮುಂತಾದವು ದೇಹದ ಒಳಗಿನ ಸ್ಥಿತಿಯನ್ನು ಹೊರಗೆ ತೋರಿಸುವ ಜೈವಿಕ ಸೂಚಕಗಳು. ಆದರೆ ಕಾಗದದ ಮೇಲೆ ಮೂಡುವ ಅಂಕಿಯು ಕೇವಲ ರೋಗದಿಂದ ನಿರ್ಧಾರವಾಗುವುದಿಲ್ಲ. ಮಗುವಿನ ವಯಸ್ಸೆಷ್ಟು, ರಕ್ತವನ್ನು ಎಲ್ಲಿಂದ ಮತ್ತು ಹೇಗೆ ತೆಗೆದರು, ಆ ಹೊತ್ತಿನಲ್ಲಿ ಮಗು ಯಾವ ಸ್ಥಿತಿಯಲ್ಲಿತ್ತು, ಈ ಮೂರು ಸಂಗತಿಗಳೂ ಆ ಅಂಕಿಯೊಳಗೆ ಸೇರಿರುತ್ತವೆ. ಇವುಗಳನ್ನು ಅರಿಯದೆ ವರದಿಯನ್ನು ಓದಿದರೆ ಇಲ್ಲದ ರೋಗಕ್ಕೆ ಅಂಜುತ್ತೇವೆ. ಇರುವ ರೋಗವನ್ನು ಕಾಣದೆ ಹೋಗುತ್ತೇವೆ.

ಮೊದಲಿಗೆ ನನ್ನದೇ ಒಂದು ತಪ್ಪು

ಹಲವು ವರ್ಷಗಳ ಹಿಂದಿನ ಮಾತು. ನಾಲ್ಕು ವರ್ಷದ ಒಂದು ಹೆಣ್ಣುಮಗುವನ್ನು ತಾಯಿ ಕರೆತಂದಿದ್ದಳು. ಮಗು ಸೊರಗಿತ್ತು, ಊಟ ಸೇರುತ್ತಿರಲಿಲ್ಲ, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ತುಸು ಬಾವು ಕಾಣುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದೆ. ಕ್ರಿಯಾಟಿನೈನ್ 0.9 ಮಿಲಿಗ್ರಾಂ ಎಂದು ಬಂದಿತ್ತು. ಪಕ್ಕದಲ್ಲಿ ಮುದ್ರಿಸಿದ್ದ ಸಾಮಾನ್ಯ ಮಿತಿ 0.6ರಿಂದ 1.2. ನಕ್ಷತ್ರದ ಗುರುತಿರಲಿಲ್ಲ. "ಮೂತ್ರಪಿಂಡ ಸರಿಯಿದೆ, ಚಿಂತೆ ಬೇಡ ತಾಯಿ" ಎಂದು ಹೇಳಿ, ಹಸಿವೆ ಹೆಚ್ಚಿಸುವ ಔಷಧವನ್ನು ಕೊಟ್ಟು ಕಳುಹಿಸಿದೆ.

ಮೂರು ವಾರಗಳ ನಂತರ ಆ ತಾಯಿ ಮತ್ತೆ ಬಂದಳು. "ಡಾಕ್ಟರ್ ಸಾಹೇಬ್ರ, ರಿಪೋರ್ಟ್ ಛಲೋ ಐತಿ ಅಂತೀರಿ. ಆದ್ರ ನನ್ನ ಕೂಸು ಮೊದಲಿನಂಗ ಇಲ್ರೀ" ಎಂದಳು. ಆ ಮಾತು ನನ್ನನ್ನು ಎಚ್ಚರಿಸಿತು. ವರದಿಯನ್ನು ಮತ್ತೆ ತೆಗೆದು ನೋಡಿದೆ. ಅಲ್ಲಿ ಮುದ್ರಿಸಿದ್ದ ಮಿತಿ ವಯಸ್ಕರದು! ಕ್ರಿಯಾಟಿನೈನ್ ಹುಟ್ಟುವುದು ಮಾಂಸಖಂಡಗಳಿಂದ. ಮಾಂಸಖಂಡ ಕಡಿಮೆಯಿರುವ ಚಿಕ್ಕ ಮಗುವಿನಲ್ಲಿ ಅದು 0.3, 0.4ರ ಆಸುಪಾಸಿನಲ್ಲಿರಬೇಕು. ಮಗುವಿನ ಎತ್ತರವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಮೂತ್ರಪಿಂಡಗಳು ಸುಮಾರು ಅರ್ಧದಷ್ಟು ಮಾತ್ರ ಕೆಲಸ ಮಾಡುತ್ತಿರುವುದು ತಿಳಿಯಿತು. ಅಂದೇ ಮಕ್ಕಳ ಮೂತ್ರಪಿಂಡ ತಜ್ಞರ ಬಳಿಗೆ ಕಳುಹಿಸಿದೆ. ಮಗುವಿಗೆ ತಕ್ಕ ಚಿಕಿತ್ಸೆ ದೊರೆಯಿತು. ಆದರೆ ಕಳೆದುಹೋದ ಆ ಮೂರು ವಾರಗಳು ನನ್ನ ಅಜಾಗರೂಕತೆಯ ಫಲ. ಇದನ್ನು ಇಲ್ಲಿ ಬರೆಯುತ್ತಿರುವುದು ಇನ್ನೊಂದು ಮನೆಯಲ್ಲಿ ಹೀಗಾಗದಿರಲಿ ಎಂಬ ಕಾರಣದಿಂದ.

ವಯಸ್ಸಿಗೆ ತಕ್ಕ ಅಳತೆ

ರೋಗಿಯನ್ನು ಹತ್ತು ಬಗೆಯಿಂದ ಪರೀಕ್ಷಿಸಬೇಕೆಂದು ಚರಕಾಚಾರ್ಯರು ವಿಮಾನಸ್ಥಾನದಲ್ಲಿ ಹೇಳಿದ್ದಾರೆ. ಪ್ರಕೃತಿ, ವಿಕೃತಿ, ಸಾತ್ಮ್ಯ, ಆಹಾರಶಕ್ತಿ, ವ್ಯಾಯಾಮಶಕ್ತಿ ಮೊದಲಾದವುಗಳೊಡನೆ ವಯಸ್ಸೂ ಅವುಗಳಲ್ಲಿ ಒಂದು. ಸುಶ್ರುತಾಚಾರ್ಯರು ಬಾಲ್ಯವನ್ನೇ ಮತ್ತೆ ವಿಂಗಡಿಸಿ, ಒಂದು ವರ್ಷದವರೆಗೆ ಕ್ಷೀರಪ, ಎರಡು ವರ್ಷದವರೆಗೆ ಕ್ಷೀರಾನ್ನಾದ, ಅನಂತರ ಅನ್ನಾದ ಎಂದು ಕರೆದರು. ಹಾಲುಂಬ ಕೂಸಿನ ಶರೀರ ಬೇರೆ, ಅನ್ನ ತಿನ್ನುವ ಮಗುವಿನ ಶರೀರ ಬೇರೆ ಎಂಬ ಆ ತಿಳಿವು ಇಂದಿನ ಪ್ರಯೋಗಾಲಯದ ಅಂಕಿಗಳಿಗೂ ಹೊಂದುತ್ತದೆ.

ಹಿಮೋಗ್ಲೋಬಿನ್ ಅನ್ನೇ ನೋಡೋಣ. ಹುಟ್ಟಿದ ಕೂಸಿನಲ್ಲಿ ಅದು ಬಹಳ ಹೆಚ್ಚಿರುತ್ತದೆ. ಎರಡು ಮೂರು ತಿಂಗಳಾಗುವ ಹೊತ್ತಿಗೆ ತಾನಾಗಿಯೇ ಇಳಿದು 9ರಿಂದ 11 ಗ್ರಾಂಗೆ ಬರುತ್ತದೆ. ಆರೋಗ್ಯವಂತ ಶಿಶುವಿನಲ್ಲಿ ಇದು ಸಹಜ ಇಳಿತ, ರೋಗವಲ್ಲ. ಅನಂತರದ ವಯಸ್ಸಿಗೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಅಳತೆಯಂತೆ, 6ರಿಂದ 23 ತಿಂಗಳ ಮಗುವಿಗೆ 10.5 ಗ್ರಾಂ, 2ರಿಂದ 5 ವರ್ಷದೊಳಗಿನವರಿಗೆ 11, 5ರಿಂದ 11 ವರ್ಷದವರಿಗೆ 11.5, 12ರಿಂದ 14 ವರ್ಷದವರಿಗೆ 12 ಗ್ರಾಂಗಿಂತ ಕಡಿಮೆಯಾದರೆ ಮಾತ್ರ ರಕ್ತಹೀನತೆ ಎನ್ನಬೇಕು.

ಆಲ್ಕಲೈನ್ ಫಾಸ್ಫಟೇಸ್ ಎಂಬ ಇನ್ನೊಂದು ಅಂಶವಿದೆ. ಯಕೃತ್ತಿನ ಪರೀಕ್ಷೆಯ ಪಟ್ಟಿಯಲ್ಲಿ ಅದು ಬರುವುದರಿಂದ, ಹೆಚ್ಚಾದೊಡನೆ ಕಾಮಾಲೆಯೇ ಎಂದು ಪಾಲಕರು ಗಾಬರಿಯಾಗುತ್ತಾರೆ. ಆದರೆ ಅದು ಬೆಳೆಯುವ ಎಲುಬಿನಿಂದಲೂ ಬರುತ್ತದೆ. ಎತ್ತರಕ್ಕೆ ಬೆಳೆಯುತ್ತಿರುವ ಬಾಲಕನಲ್ಲಿ ಅದು ವಯಸ್ಕರ ಮಿತಿಯ ಎರಡು ಮೂರು ಪಟ್ಟು ಇರುವುದು ಸಾಮಾನ್ಯ. ಅದೇ ರೀತಿ ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್‌ಗಳು ವಯಸ್ಕರಲ್ಲಿ ಕಡಿಮೆ, ನಾಲ್ಕೈದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚು. ನವಜಾತ ಶಿಶುವಿನಲ್ಲಿ ಥೈರಾಯ್ಡ್ ಪರೀಕ್ಷೆಯ ಟಿ.ಎಸ್.ಎಚ್. ಹುಟ್ಟಿದ ಅರ್ಧ ಗಂಟೆಯಲ್ಲಿಯೇ ಬಹಳ ಮೇಲಕ್ಕೇರಿ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದುದರಿಂದ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಮಾಡುವ ತಪಾಸಣೆಯನ್ನು ಸಾಧ್ಯವಾದಷ್ಟು 48 ಗಂಟೆಗಳ ನಂತರ ಮಾಡುತ್ತಾರೆ. ಮೊದಲೇ ಮಾಡಿದ್ದರೆ, ಹೆಚ್ಚು ಬಂದಾಗ ಮತ್ತೊಮ್ಮೆ ಪರೀಕ್ಷಿಸಬೇಕು. ಹಾಗೆಂದು ಅದನ್ನು ಬಿಡುವಂತಿಲ್ಲ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಶಿಶುವಿಗೆ ಮೊದಲ ವಾರಗಳಲ್ಲಿ ಔಷಧ ಆರಂಭಿಸದಿದ್ದರೆ ಬುದ್ಧಿ ಬೆಳವಣಿಗೆಗೆ ಆಗುವ ಹಾನಿಯನ್ನು ಮುಂದೆ ಸರಿಪಡಿಸಲಾಗದು.

ಬೆರಳ ತುದಿಯ ಹನಿ, ರಕ್ತನಾಳದ ರಕ್ತ

ಮಾರ್ಗಶಿರದ ಒಂದು ಚಳಿಯ ಬೆಳಿಗ್ಗೆ ಉಚಿತ ವಿದ್ಯಾರ್ಥಿನಿಲಯವೊಂದರಲ್ಲಿ ಆರೋಗ್ಯ ತಪಾಸಣೆ ನಡೆಸುತ್ತಿದ್ದೆವು. ತಣ್ಣೀರಿನಲ್ಲಿ ಮುಖ ತೊಳೆದು ಬಂದ ಮಕ್ಕಳು ಸಾಲಾಗಿ ನಿಂತಿದ್ದರು. ಬೆರಳಿಗೆ ಚುಚ್ಚಿದರೂ ರಕ್ತ ಬರುತ್ತಿರಲಿಲ್ಲ. ಕಾರ್ಯಕರ್ತರು ಬೆರಳನ್ನು ಹಿಂಡಿ ಹಿಂಡಿ ಹನಿ ಬರಿಸುತ್ತಿದ್ದರು. ನಾಲ್ಕನೆಯ ತರಗತಿಯ ಒಬ್ಬ ಹುಡುಗನ ಹಿಮೋಗ್ಲೋಬಿನ್ 9.2 ಎಂದು ಬಂತು. ಮನೆಗೆ ಸುದ್ದಿ ಹೋಗಿ, ಮರುದಿನವೇ ಅವನ ತಾಯಿ ಕೂಲಿ ಬಿಟ್ಟು, ಸಾಲ ಮಾಡಿ ಬಸ್ಸು ಹತ್ತಿ ಬಂದಳು. ಹುಡುಗನ ಕಣ್ಣಿನ ಒಳರೆಪ್ಪೆ, ನಾಲಗೆ, ಉಗುರು ಯಾವುದೂ ಬಿಳಿಚಿಕೊಂಡಿರಲಿಲ್ಲ. ಅನುಮಾನ ಬಂದು ತೋಳಿನ ರಕ್ತನಾಳದಿಂದ ರಕ್ತ ತೆಗೆಸಿ ಪರೀಕ್ಷಿಸಿದಾಗ 11.9 ಬಂತು.

ಬೆರಳನ್ನು ಹಿಂಡಿದಾಗ ರಕ್ತದ ಜೊತೆಗೆ ಚರ್ಮದ ಕೆಳಗಿನ ನೀರಿನಂಶವೂ ಸೇರಿ ಹನಿ ತೆಳುವಾಗುತ್ತದೆ. ಅದರಿಂದ ಹಿಮೋಗ್ಲೋಬಿನ್ ಕಡಿಮೆ ತೋರಬಹುದು. ಬೆರಳು ತಣ್ಣಗಿದ್ದರೆ, ಸ್ಪಿರಿಟ್ ಆರುವ ಮುನ್ನ ಚುಚ್ಚಿದರೆ, ಮೊದಲ ಹನಿಯನ್ನು ಒರೆಸದೆ ಬಳಸಿದರೆ ಲೆಕ್ಕ ತಪ್ಪುತ್ತದೆ. ಅದೂ ಅಲ್ಲದೆ ಒಂದು ಹನಿಗೂ ಮುಂದಿನ ಹನಿಗೂ ವ್ಯತ್ಯಾಸ ಬರುವುದುಂಟು.

ಈ ಚಿಕ್ಕ ವ್ಯತ್ಯಾಸವು ಇಡೀ ದೇಶದ ಲೆಕ್ಕವನ್ನೇ ಚರ್ಚೆಗೆ ಒಳಪಡಿಸಿದೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಬೆರಳಿನ ಹನಿಯಿಂದ ಪರೀಕ್ಷಿಸಿ, 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 58.6ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದಿತು. 2019-21ರ ಸಮೀಕ್ಷೆಯಲ್ಲಿ ಅದು ಶೇ. 67.1ಕ್ಕೆ ಏರಿತು. ಇವೆರಡರ ನಡುವೆ, 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯು ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, 1ರಿಂದ 4 ವರ್ಷದ ಮಕ್ಕಳಲ್ಲಿ ಸುಮಾರು ಶೇ. 41 ಎಂದು ಕಂಡುಬಂತು. ವಯೋಮಾನ ಮತ್ತು ಉಪಕರಣಗಳ ಭೇದವೂ ಇದರಲ್ಲಿದೆ. ಆದರೂ ರಕ್ತ ತೆಗೆಯುವ ವಿಧಾನವು ಒಂದು ಮುಖ್ಯ ಕಾರಣವೆಂದು ತಜ್ಞರು ಗುರುತಿಸಿದರು. ಈ ಹಿನ್ನೆಲೆಯಲ್ಲಿ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ನೇತೃತ್ವದಲ್ಲಿ ರೂಪುಗೊಂಡ ಆಹಾರ ಮತ್ತು ಜೈವಿಕ ಸೂಚಕಗಳ ಸಮೀಕ್ಷೆಗೆ ರಕ್ತನಾಳದ ರಕ್ತವನ್ನೇ ಆರಿಸಿಕೊಳ್ಳಲಾಯಿತು.

ಇದರಿಂದ ನಮ್ಮ ಮಕ್ಕಳಲ್ಲಿ ರಕ್ತಹೀನತೆ ಇಲ್ಲವೆಂದು ಯಾರೂ ತಿಳಿಯಬಾರದು. ಕಡಿಮೆ ಲೆಕ್ಕದಂತೆಯೂ ಐದು ಮಕ್ಕಳಲ್ಲಿ ಇಬ್ಬರಿಗೆ ಅದು ಇದೆ. ಊರೂರಿಗೆ ಹೋಗಿ ಬೆರಳಿನ ಹನಿಯಿಂದ ಮಾಡುವ ತಪಾಸಣೆಯೂ ಉಪಯುಕ್ತವೇ. ಅಲ್ಲಿ ಕಡಿಮೆ ಬಂದ ಮಗುವನ್ನು ವೈದ್ಯರು ನೋಡಿ, ಅನುಮಾನವಿದ್ದರೆ ರಕ್ತನಾಳದ ರಕ್ತದಿಂದ ಖಚಿತಪಡಿಸಿಕೊಳ್ಳಬೇಕು ಎಂಬುದಷ್ಟೇ ನನ್ನ ವಿನಂತಿ.

ಸೂಜಿಯಿಂದ ಪ್ರಯೋಗಾಲಯದವರೆಗೆ

ಸುಶ್ರುತರು ಸಿರಾವ್ಯಧದ ಅಧ್ಯಾಯದಲ್ಲಿ, ಸಿರೆಯನ್ನು ಚುಚ್ಚಿ ರಕ್ತ ಹರಿಸುವ ಚಿಕಿತ್ಸೆಗೆ ಬಾಲಕರು ಯೋಗ್ಯರಲ್ಲವೆಂದರು. ರಕ್ತಮೋಕ್ಷಣ ಅಗತ್ಯವಾದಲ್ಲಿ ಮಕ್ಕಳಿಗೂ ಸುಕುಮಾರರಿಗೂ ಮೃದುವಾದ ಜಿಗಣೆಯನ್ನು ಸೂಚಿಸಿದರು. ಪರೀಕ್ಷೆಗೆ ರಕ್ತ ತೆಗೆಯುವುದು ಚಿಕಿತ್ಸೆಯಲ್ಲವಾದರೂ, ಮಕ್ಕಳ ರಕ್ತದ ವಿಷಯದಲ್ಲಿ ಮೃದುತ್ವ ಬೇಕೆಂಬ ವಿವೇಕ ಇಂದಿಗೂ ಸಲ್ಲುತ್ತದೆ. ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 800 ಮಿಲಿಲೀಟರ್ ಮಾತ್ರ. ಆದುದರಿಂದ ಬೇಕಾದ ಪರೀಕ್ಷೆಗಳನ್ನು ಮೊದಲೇ ಯೋಚಿಸಿ ಒಂದೇ ಸಲಕ್ಕೆ ತೆಗೆಸುವುದು ಲೇಸು.

ಮಗು ಕೊಸರಾಡುವಾಗ ತೆಳ್ಳನೆಯ ಸೂಜಿಯಿಂದ ಬಲವಾಗಿ ಎಳೆದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಕಣಗಳ ಒಳಗೆ ಪೊಟ್ಯಾಸಿಯಂ ಹೊರಗಿಗಿಂತ ಹಲವು ಪಟ್ಟು ಹೆಚ್ಚು. ಒಡೆದಾಗ ಅದು ಹೊರಬಂದು, ವರದಿಯಲ್ಲಿ ಹೃದಯಕ್ಕೆ ಅಪಾಯಕರವೆನ್ನುವಷ್ಟು ಪೊಟ್ಯಾಸಿಯಂ ಕಾಣಿಸಬಹುದು. ಯಕೃತ್ತಿನ ಪರೀಕ್ಷೆಯ ಕೆಲವು ಅಂಶಗಳೂ ಹೆಚ್ಚುತ್ತವೆ. ಒಳ್ಳೆಯ ಪ್ರಯೋಗಾಲಯವು ಇಂಥ ಮಾದರಿಯಲ್ಲಿ ರಕ್ತಕಣಗಳು ಒಡೆದಿವೆ ಎಂದು ವರದಿಯಲ್ಲಿ ನಮೂದಿಸುತ್ತದೆ; ಆಗ ಮತ್ತೊಮ್ಮೆ ರಕ್ತ ಕೇಳಿದರೆ ಪಾಲಕರು ಬೇಸರಿಸಬಾರದು.

ತೋಳಿಗೆ ಕಟ್ಟುವ ರಬ್ಬರ್ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿಟ್ಟರೆ ನೀರಿನಂಶ ನಾಳದಿಂದ ಹೊರಗೆ ಜಾರಿ, ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಹೆಚ್ಚು ತೋರುತ್ತವೆ. ಸಲೈನ್ ಹನಿಯುತ್ತಿರುವ ಕೈಯಿಂದಲೇ ರಕ್ತ ತೆಗೆದರೆ ಕೆಲವು ಅಂಶಗಳು ತೆಳುವಾಗಿ, ಸಲೈನಿನಲ್ಲಿ ಗ್ಲೂಕೋಸ್ ಇದ್ದರೆ ಸಕ್ಕರೆ ಮಿತಿಮೀರಿ ತೋರುತ್ತದೆ. ನಳಿಕೆಗಳ ಮುಚ್ಚಳದ ಬಣ್ಣಕ್ಕೂ ಅರ್ಥವಿದೆ. ನೇರಳೆ ಮುಚ್ಚಳದ ನಳಿಕೆಯಲ್ಲಿರುವ ರಾಸಾಯನಿಕವು ಬೇರೆ ನಳಿಕೆಗೆ ತುಸು ಸೇರಿದರೂ ಪೊಟ್ಯಾಸಿಯಂ ಏರಿ, ಕ್ಯಾಲ್ಸಿಯಂ ಇಳಿದಂತೆ ಕಾಣುತ್ತದೆ.

ನಮ್ಮ ಹಳ್ಳಿಗಳಲ್ಲಿ ಮುಖ್ಯವಾದುದು ವಿಳಂಬ. ಊರಿನಲ್ಲಿ ತೆಗೆದ ರಕ್ತ ತಾಲ್ಲೂಕು ಕೇಂದ್ರವನ್ನು ತಲಪುವಷ್ಟರಲ್ಲಿ ಗಂಟೆಗಳು ಕಳೆಯುತ್ತವೆ. ನಳಿಕೆಯೊಳಗೂ ರಕ್ತಕಣಗಳು ಜೀವಂತವಾಗಿದ್ದು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಸಾಧಾರಣ ಉಷ್ಣತೆಯಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಬೂದು ಬಣ್ಣದ ಮುಚ್ಚಳದ ನಳಿಕೆ ಇದನ್ನು ತಡೆಯಲೆಂದೇ ಇದೆ. ನವಜಾತ ಶಿಶುವಿನ ಕಾಮಾಲೆಯ ಪರೀಕ್ಷೆಗೆ ತೆಗೆದ ರಕ್ತವನ್ನು ಬೆಳಕಿನಲ್ಲಿ ಬಿಟ್ಟರೆ ಬಿಲಿರುಬಿನ್ ಕರಗಿ ಕಡಿಮೆ ತೋರುತ್ತದೆ. ಚಿಕಿತ್ಸೆ ಬೇಕಾದ ಕೂಸಿಗೆ ಚಿಕಿತ್ಸೆ ತಪ್ಪಲು ಇಷ್ಟು ಸಾಕು.

ಡೆಂಗ್ಯೂ ಮತ್ತು ಪ್ಲೇಟ್‌ಲೆಟ್ ಭಯ

ಮಳೆಗಾಲ ಬಂತೆಂದರೆ ಪ್ಲೇಟ್‌ಲೆಟ್ ಎಂಬ ಶಬ್ದ ಮನೆಮನೆಯಲ್ಲಿ ಕೇಳಿಬರುತ್ತದೆ. ಸಾಮಾನ್ಯವಾಗಿ ಅವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಮಗುವಿನ ನಾಳ ಸಿಗದೆ ರಕ್ತ ನಿಧಾನವಾಗಿ ಬಂದರೆ, ನಳಿಕೆಯಲ್ಲಿಯೇ ಸಣ್ಣದಾಗಿ ಹೆಪ್ಪುಗಟ್ಟಿ ಪ್ಲೇಟ್‌ಲೆಟ್‌ಗಳು ಗುಂಪಾಗಿ ಅಂಟಿಕೊಳ್ಳುತ್ತವೆ. ಯಂತ್ರವು ಗುಂಪನ್ನು ಬಿಡಿಬಿಡಿಯಾಗಿ ಎಣಿಸಲಾರದೆ ನಲವತ್ತು ಸಾವಿರ, ಐವತ್ತು ಸಾವಿರ ಎಂದು ತೋರಿಸಬಹುದು. ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಗುಂಪುಗಳು ಕಾಣುತ್ತವೆ. ಲಕ್ಷಣಕ್ಕೆ ಹೊಂದದ ಕಡಿಮೆ ಅಂಕಿ ಬಂದಾಗ ಈ ಪರೀಕ್ಷೆಯನ್ನು ಕೇಳಿರಿ.

ದಿನದ ಲೆಕ್ಕವೂ ಮುಖ್ಯ. ಡೆಂಗ್ಯೂವಿನ ಎನ್.ಎಸ್.1 ಪರೀಕ್ಷೆ ಜ್ವರದ ಮೊದಲ ಐದು ದಿನಗಳಲ್ಲಿ ಉಪಯುಕ್ತ, ಐ.ಜಿ.ಎಂ. ಪರೀಕ್ಷೆ ನಾಲ್ಕೈದು ದಿನಗಳ ನಂತರವೇ ಕಾಣಿಸಿಕೊಳ್ಳುತ್ತದೆ. ಎರಡನೆಯ ದಿನ ಐ.ಜಿ.ಎಂ. ಇಲ್ಲವೆಂದು ಬಂದರೆ ಡೆಂಗ್ಯೂ ಇಲ್ಲವೆಂದು ಅರ್ಥವಲ್ಲ. ಜ್ವರ ಇಳಿಯುವ ದಿನಗಳೇ ಹೆಚ್ಚು ಅಪಾಯದವು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಮಂಕುತನ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಪ್ಲೇಟ್‌ಲೆಟ್ ಎಷ್ಟೇ ಇರಲಿ, ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು. ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಆ ಹೊತ್ತಿನ ಮಗು

ಜೋರಾಗಿ ಅತ್ತ ಮಗುವಿನಲ್ಲಿ ಬಿಳಿ ರಕ್ತಕಣಗಳು ಸ್ವಲ್ಪ ಹೊತ್ತು ಹೆಚ್ಚಾಗುತ್ತವೆ. ಹಿಂದಿನ ದಿನ ಕಬಡ್ಡಿ ಆಡಿ ದಣಿದ ಹುಡುಗನಲ್ಲಿ ಮಾಂಸಖಂಡದಿಂದ ಬರುವ ಕಿಣ್ವಗಳು ಏರಿ, ಯಕೃತ್ತಿಗೆ ತೊಂದರೆಯಾಗಿದೆಯೋ ಎಂಬ ಭ್ರಮೆ ಹುಟ್ಟಿಸಬಹುದು. ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಗುವಿನ ರಕ್ತ ಗಟ್ಟಿಯಾಗಿ, ಇರುವ ರಕ್ತಹೀನತೆ ಮರೆಯಾಗಬಹುದು.

ಸೋಂಕಿನ ಸಮಯದಲ್ಲಿ ಕಬ್ಬಿಣದ ಪರೀಕ್ಷೆಗಳು ವಿಶೇಷವಾಗಿ ಮೋಸ ಮಾಡುತ್ತವೆ. ದೇಹದ ಕಬ್ಬಿಣದ ಸಂಗ್ರಹವನ್ನು ತೋರುವ ಫೆರಿಟಿನ್, ಜ್ವರ ಕೆಮ್ಮು ಇದ್ದಾಗ ತಾನಾಗಿ ಏರುತ್ತದೆ. ಐದು ವರ್ಷದೊಳಗಿನ ಆರೋಗ್ಯವಂತ ಮಗುವಿನಲ್ಲಿ ಲೀಟರಿಗೆ 12 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯು, ಸೋಂಕಿರುವ ಮಗುವಿಗೆ ಆ ಗಡಿಯನ್ನು 30ಕ್ಕೆ ಏರಿಸಲು ಹೇಳುತ್ತದೆ. ಆದುದರಿಂದ ತುರ್ತಿಲ್ಲದ ಪರೀಕ್ಷೆಯನ್ನು ಜ್ವರ ಬಿಟ್ಟು ಎರಡು ಮೂರು ವಾರಗಳ ನಂತರ ಮಾಡಿಸುವುದು ಉತ್ತಮ. ಜ್ವರದ ಕಾರಣವನ್ನೇ ಹುಡುಕುವ ಪರೀಕ್ಷೆಯನ್ನು ಮಾತ್ರ ಮುಂದೂಡಬಾರದು.

ಔಷಧಗಳ ವಿಷಯದಲ್ಲಿ ಮುಚ್ಚುಮರೆ ಬೇಡ. ಕೂದಲಿಗೆಂದು ಕೊಡುವ ಬಯೋಟಿನ್ ಮಾತ್ರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ಕೆಡಿಸುತ್ತದೆ. ನಮ್ಮ ಆಯುರ್ವೇದದ ಔಷಧಗಳೂ ಇದಕ್ಕೆ ಹೊರತಲ್ಲ. ಲೋಹಭಸ್ಮ ಸೇರಿದ ಔಷಧ ಕೊಡುತ್ತಿದ್ದರೆ ಅದನ್ನು ಮಕ್ಕಳ ತಜ್ಞರಿಗೆ ಹೇಳಲೇಬೇಕು.

ಪಾಲಕರು ನೆನಪಿಡಬೇಕಾದ ಸಂಗತಿಗಳು

1. ವರದಿಯಲ್ಲಿ ಮಗುವಿನ ವಯಸ್ಸು ಸರಿಯಾಗಿ ಬರೆದಿದೆಯೇ, ಪಕ್ಕದಲ್ಲಿರುವ ಮಿತಿ ಮಕ್ಕಳದೇ ಎಂದು ಮೊದಲು ನೋಡಿರಿ.

2. ಉಪವಾಸ ಬೇಕೇ ಎಂದು ಕೇಳಿರಿ. ಮಕ್ಕಳ ಬಹುತೇಕ ಪರೀಕ್ಷೆಗಳಿಗೆ ಅದು ಬೇಕಿಲ್ಲ. ಚಿಕ್ಕ ಮಗುವನ್ನು ವೃಥಾ ಹಸಿದಿರಿಸಿದರೆ ಸಕ್ಕರೆ ಇಳಿಯುವ ಅಪಾಯವಿದೆ.

3. ನೀರು ಕುಡಿಸಿ, ಕೈಯನ್ನು ಬೆಚ್ಚಗಿರಿಸಿ ಕರೆದೊಯ್ಯಿರಿ. "ಏನೂ ನೋವಾಗುವುದಿಲ್ಲ" ಎಂದು ಸುಳ್ಳು ಹೇಳದೆ, ಇರುವೆ ಕಚ್ಚಿದಂತೆ ಸ್ವಲ್ಪ ನೋವಾಗುತ್ತದೆ ಎಂದು ತಿಳಿಸಿ ತೊಡೆಯ ಮೇಲೆ ಕೂರಿಸಿಕೊಳ್ಳಿರಿ. ಹಾಲುಂಬ ಕೂಸಿಗೆ ಹಿಮ್ಮಡಿ ಚುಚ್ಚುವಾಗ ಎದೆಹಾಲು ಉಣಿಸಿದರೆ ನೋವು ಕಡಿಮೆಯಾಗುತ್ತದೆ.

4. ಜ್ವರ, ವಾಂತಿ, ಹಿಂದಿನ ದಿನದ ಆಟ, ಕೊಡುತ್ತಿರುವ ಎಲ್ಲ ಔಷಧಗಳನ್ನು ವೈದ್ಯರಿಗೆ ತಿಳಿಸಿರಿ.

5. ಒಂದೇ ವರದಿಯನ್ನು ನೋಡಿ ನೀವಾಗಿಯೇ ಕಬ್ಬಿಣದ ಔಷಧ ಆರಂಭಿಸಬೇಡಿರಿ. ಮಿತಿಮೀರಿದ ಕಬ್ಬಿಣ ಚಿಕ್ಕ ಮಕ್ಕಳಿಗೆ ವಿಷ. ಬಾಟಲಿಯನ್ನು ಅವರ ಕೈಗೆ ಎಟುಕದಂತೆ ಇಡಿರಿ.

6. ಹಳೆಯ ವರದಿಗಳನ್ನು ಕಾಪಾಡಿರಿ. ಒಂದು ಅಂಕಿಗಿಂತ ಅದು ಕಾಲಕ್ರಮದಲ್ಲಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

7. ವರದಿ ಸರಿಯಿದ್ದರೂ ಮಗು ಸರಿಯಿಲ್ಲವೆಂದು ನಿಮಗೆ ಅನಿಸಿದರೆ ಮತ್ತೆ ಕರೆತನ್ನಿರಿ. ಸಂಕೋಚ ಬೇಡ.

ಕೌಮಾರಭೃತ್ಯದ ಆಕರವಾದ ಕಾಶ್ಯಪ ಸಂಹಿತೆಯಲ್ಲಿ ವೇದನಾಧ್ಯಾಯವೆಂಬ ಒಂದು ಅಧ್ಯಾಯವಿದೆ. ಮಾತು ಬಾರದ ಮಗುವಿನ ನೋವನ್ನು ಅದರ ಅಳು, ನಿದ್ರೆ, ಕೈಕಾಲುಗಳ ಚಲನೆಯಿಂದ ಹೇಗೆ ಅರಿಯಬೇಕೆಂದು ಅಲ್ಲಿ ವಿವರಿಸಲಾಗಿದೆ. ಆ ತಾಯಿಯು ಅಂದು ಗ್ರಂಥವನ್ನು ಓದಿರಲಿಲ್ಲ, ಮಗುವನ್ನು ನೋಡಿದ್ದಳು. ಅವಳು ಮರಳಿ ಬಾರದೆ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ನಾನು ಇಂದಿಗೂ ನೆನೆಯುತ್ತೇನೆ. ಅಂದಿನಿಂದ ನನ್ನ ಮೇಜಿನ ಗಾಜಿನ ಕೆಳಗೆ ಮಕ್ಕಳ ವಯಸ್ಸಿಗೆ ತಕ್ಕ ಮಿತಿಗಳ ಒಂದು ಪಟ್ಟಿಯಿದೆ. ವರದಿ ಬಂದಾಗ ಮೊದಲು ಮಗುವನ್ನು ಒಳಗೆ ಕರೆಯಿಸಿ, ನೋಡಿ, ಆ ಮೇಲೆ ಪಟ್ಟಿಯನ್ನೂ ವರದಿಯನ್ನೂ ಒಟ್ಟಿಗೆ ಇಟ್ಟು ಓದುತ್ತೇನೆ.

ತಮ್ಮೆಲ್ಲರ ಮನೆಯ ಮಕ್ಕಳು ಆರೋಗ್ಯವಂತರಾಗಿ, ದೀರ್ಘಾಯುಗಳಾಗಿ ಬಾಳಲೆಂದು ಹಾರೈಸುತ್ತೇನೆ. ಶರಣು.